ಚಿಕ್ಕಮ್ಮ, ಬಡಬಡಿಕೆ, ಹತ್ತಿಕಡ್ಡಿ

ಇದು ನಿಜವಾಗಿ ನಡೆದ ಕತೆ. ನಂಬಿಕೆ ಬಾರದವರಿಗೆ ಕೊನೆಯಲ್ಲಿ ಒಂದು ಹತ್ತಿಕಡ್ಡಿ ಉಚಿತ, ಒರೆಸಿ ನೋಡಿಕೊಳ್ಳಬಹುದು.

ಮೂರನೇ ಮಹಡಿಯಲ್ಲಿ ಒಂದು ಪ್ರಯೋಗಾಲಯ. ಉದ್ದನೆಯ ಮೇಜು, ಮೂಲೆಯಲ್ಲಿ ನರಳುವ ಮಂಜುಗಡ್ಡೆ ಯಂತ್ರ, ಒಳಕೋಣೆಯಲ್ಲಿ ಮನುಷ್ಯರ ಮೈಯಷ್ಟೇ ಬೆಚ್ಚಗಿರುವ ಉಕ್ಕಿನ ಕಪಾಟು. ಕಪಾಟಿನಲ್ಲಿ ಗುಲಾಬಿ ಬಣ್ಣದ ದ್ರವದೊಳಗೆ ಸ್ತನ ಕ್ಯಾನ್ಸರಿನ ಜೀವಕೋಶಗಳು ಬೆಳೆಯುತ್ತಿದ್ದವು. ಅವುಗಳಿಗೆ ಹೊತ್ತುಹೊತ್ತಿಗೆ ಊಟ, ಮನೆ ತುಂಬಿದರೆ ಹೊಸ ಮನೆ. ಅಲ್ಲಿ ಕೆಲಸ ಮಾಡುವವರಿಗೆ ಎರಡೂ ಇರಲಿಲ್ಲ.

ಕೆಲಸ ಮಾಡುವವರು ಮೂವರು. ಮುಖ್ಯಸ್ಥರಿಗೆ ಎದುರಿನಲ್ಲಿ ಸರ್ ಎಂದು ಹೆಸರು, ಬೆನ್ನ ಹಿಂದೆ ಮೇಷ್ಟ್ರು. ಅವರು ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಿದ್ದರು. "ಅರ್ಥ ಆಯ್ತಾ? ಆಯ್ತು. ಸಂದೇಹ ಇದೆಯಾ? ಇಲ್ಲ." ಇದರಿಂದ ಸಭೆಗಳು ಬೇಗ ಮುಗಿಯುತ್ತಿದ್ದವು, ಸಂದೇಹಗಳು ಮಾತ್ರ ಮುಗಿಯುತ್ತಿರಲಿಲ್ಲ.

ಎರಡನೆಯವಳು ಅಕ್ಕ. ಅವಳ ನಿಜ ಹೆಸರು ಸಂಬಳ ಕೊಡುವ ಕಚೇರಿಗಷ್ಟೇ ಗೊತ್ತಿತ್ತು. ನಡು ಬಗ್ಗಿಸಿ ಕೂತರೆ ಏಳದ, ಹನಿ ಅಳೆದು ಬಿಡುವ ಪಿಪೆಟ್ಟು ಹಿಡಿದರೆ ನಡುಗದ ಹೆಂಗಸು. ಮೂರನೆಯವಳು ಸಂಶೋಧನಾ ವಿದ್ಯಾರ್ಥಿನಿ. ಲಿಫ್ಟಿನ ಹೆಣ್ಣುದನಿ, ಮಂಜುಗಡ್ಡೆ ಯಂತ್ರದ ನರಳಾಟ, ಕಪಾಟಿನ ಬಾಗಿಲು ತೆಗೆಯುವ ಮೊದಲು ಅಕ್ಕ ಬಿಡುವ ನಿಟ್ಟುಸಿರು, ಎಲ್ಲವನ್ನೂ ಬಾಯಲ್ಲೇ ಮಾಡಿ ತೋರಿಸುವವಳಾದ್ದರಿಂದ ಅವಳಿಗೆ ಗಿಳಿ ಎಂದು ಹೆಸರು ಬಿದ್ದಿತ್ತು. ಮೇಷ್ಟ್ರ ದನಿಯಂತೂ ಮೇಷ್ಟ್ರಿಗಿಂತ ಅವಳಿಗೇ ಚೆನ್ನಾಗಿ ಒಪ್ಪುತ್ತಿತ್ತು. ಒಮ್ಮೆ ಆ ದನಿಯಲ್ಲಿ ಉಗ್ರಾಣಕ್ಕೆ ಫೋನು ಮಾಡಿ, "ಕೈಗವಸು ಇದೆಯಾ? ಇದೆ. ಕಳಿಸ್ತೀರಾ? ಕಳಿಸ್ತೀರಿ" ಎಂದಿದ್ದಳು. ಎಷ್ಟೋ ಕಾಲದಿಂದ ಬಾರದ ಕೈಗವಸು ಅಂದೇ ಬಂದಿತ್ತು.

ಅಕ್ಕನ ಕೆಲಸ ಒಂದೇ ಪ್ರಶ್ನೆಯದು. ಕೆಲವು ಗಡ್ಡೆಗಳ ಜೀವಕೋಶಗಳು ಹುಟ್ಟಿದಲ್ಲೇ ಇರುತ್ತವೆ, ಕೊಯ್ದು ತೆಗೆಯಬಹುದು. ಕೆಲವು ಗೋಡೆ ಕರಗಿಸಿಕೊಂಡು ಹೊರಟುಬಿಡುತ್ತವೆ, ಎಲ್ಲಿಗೆಂದು ಹುಡುಕುವುದು? ಹೊರಡದಂತೆ ಹಿಡಿದಿಡುವುದು ಯಾವುದು? ಅಕ್ಕನ ಉತ್ತರ ಒಂದು ಮೈಕ್ರೋ ಆರ್‌ಎನ್‌ಎ. ಅದಕ್ಕೊಂದು ಅಂಕಿಯ ಹೆಸರಿತ್ತು. ಆದರೆ ಆ ಹೆಸರನ್ನು ಅಕ್ಕನ ಅಮ್ಮ ಅಳಿಸಿಹಾಕಿದ್ದಳು.

ಅಮ್ಮನಿಗೆ ಎಡಗಡೆಯ ಸ್ತನ ತೆಗೆದು ಕೆಲವು ವರ್ಷವಾಗಿತ್ತು. ಆಗಾಗ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬರಬೇಕಿತ್ತು. ಅದು ಬಿಟ್ಟರೆ ಅವಳ ಬಾಯಿಗೆ ಯಾವ ಊನವೂ ಇರಲಿಲ್ಲ. ಒಂದು ದಿನ ಒಗೆದ ಬಟ್ಟೆ ಮಡಚುತ್ತಾ, "ಅದೇನು ಮಾಡ್ತೀಯ ದಿನಾ ಅಲ್ಲಿ, ನಂಗೂ ತಿಳಿಯೋ ಹಾಗೆ ಹೇಳು" ಎಂದಳು.

"ಜೀವಕೋಶದೊಳಗೆ ಓಲೆಗಳು ಓಡಾಡ್ತಿರ್ತವೆ ಅಮ್ಮ. ಒಂದೊಂದು ಓಲೆಲೂ ಒಂದೊಂದು ಪ್ರೋಟೀನು ಮಾಡಿ ಅಂತ ಬರೆದಿರುತ್ತೆ. ನಾನು ನೋಡ್ತಿರೋದು ಇಪ್ಪತ್ತು ಚಿಲ್ಲರೆ ಅಕ್ಷರದ ಗಿಡ್ಡ ತುಂಡು. ತಾನೇನೂ ಮಾಡಲ್ಲ. ಹೋಗಿ ಆ ಓಲೆ ಮೇಲೆ ಕೂತ್ಕೊಳ್ಳುತ್ತೆ. ಓಲೆ ಓದೋಕಾಗಲ್ಲ, ಕೆಲಸ ನಿಂತೋಗುತ್ತೆ."

"ತಾನೂ ಮಾಡಲ್ಲ, ಮಾಡೋರ್ನೂ ಬಿಡಲ್ಲ."

"ಹೂಂ."

"ನಮ್ಮ ಚಿಕ್ಕಮ್ಮ!"

ಅಮ್ಮನ ಚಿಕ್ಕಮ್ಮ ಗಿಡ್ಡ ಹೆಂಗಸು. ಹಳೆಯ ಮನೆಯ ಹೊಸಿಲ ಪಕ್ಕ ಒಂದು ಮಣೆ ಹಾಕಿಕೊಂಡು ಕೂತರೆ ಆಯಿತು, ಯಾರ ಯಾವ ಕೆಲಸವೂ ಮುಂದೆ ಹೋಗುತ್ತಿರಲಿಲ್ಲ, ಯಾರೂ ಹೊಸಿಲು ದಾಟುತ್ತಿರಲಿಲ್ಲ.

"ನಿಲ್ಲಿಸಬೇಕಾದ ಕೆಲಸಾನೂ ಇರ್ತವಲ್ಲಮ್ಮ" ಎಂದು ಅಕ್ಕ ಮುಂದುವರಿಸಿದಳು. "ಗೋಡೆ ಕರಗಿಸೋ ಪ್ರೋಟೀನು, ಪಕ್ಕದೋರ ಕೈ ಬಿಡಿಸ್ಕೊಂಡು ಓಡೋ ಪ್ರೋಟೀನು. ಇದು ಕೂತ್ರೆ ಅವೂ ನಿಲ್ತವೆ. ಹೊರಟುಹೋಗೋ ಕೋಶಗಳಲ್ಲಿ ಇದು ತೀರಾ ಕಮ್ಮಿ ಆಗಿರುತ್ತೆ."

"ಅದನ್ನೇ ನಾನು ಹೇಳಿದ್ದು. ಚಿಕ್ಕಮ್ಮ ಮಗಳ ಮನೆಗೆ ಹೋದ್ರೆ ನಾವೆಲ್ಲ ಗೋಡೆ ಹಾರ್ತಿದ್ವಿ."

ಮಾರನೆಯ ದಿನ ಅಕ್ಕ ಇದನ್ನು ಗಿಳಿಗೆ ಹೇಳಿದ್ದೇ ತಪ್ಪಾಯಿತು. ಮೈಕ್ರೋ ಎಂದರೆ ಚಿಕ್ಕ. ಮಿಕ್ಕ ಅಮ್ಮನನ್ನು ಅಕ್ಕನ ಅಮ್ಮನೇ ಸೇರಿಸಿದ್ದಳು. ಅಂದಿನಿಂದ ಅದು ಚಿಕ್ಕಮ್ಮ. ಎಲ್ಲ ಮೈಕ್ರೋ ಆರ್‌ಎನ್‌ಎಗಳೂ ಇಂಥ ಕಾವಲುಗಾರರಲ್ಲ, ಕೋಶಗಳನ್ನು ಚಿವುಟಿ ಹೊರಗಟ್ಟುವಂಥವೂ ಉಂಟು. ಅವಕ್ಕೆ ಗಿಳಿ ಬೇರೆ ನೆಂಟರ ಹೆಸರು ಕಾದಿರಿಸಿದ್ದಳು. ಕೋಶಗಳೊಳಗೆ ಹಾಕಲು ತಯಾರಾಗಿ ಬರುವ ಚಿಕ್ಕಮ್ಮನ ಸೀಸೆಯ ಮೇಲೆ 'ಮಿಮಿಕ್' ಎಂದು ಅಚ್ಚಾಗಿರುತ್ತಿತ್ತು. ಅಸಲಿಯದಲ್ಲ, ಅಸಲಿಯಂತೆ ನಟಿಸುವ ನಕಲು. ಗಿಳಿ ಆ ಸೀಸೆಯನ್ನು ಹಣೆಗೊತ್ತಿಕೊಂಡು, "ನಮ್ಮ ವಂಶದೋಳು" ಎನ್ನುತ್ತಿದ್ದಳು. ಹೋಲಿಕೆಗೆಂದು ಇನ್ನೊಂದು ಸೀಸೆ ಇತ್ತು. ಅದರಲ್ಲಿ ಅವೇ ಅಕ್ಷರಗಳು ಅಡ್ಡಾದಿಡ್ಡಿ, ಯಾವ ಓಲೆಯ ಮೇಲೂ ಕೂರಲು ಬಾರದಂತೆ. ಅದಕ್ಕೆ ಬಡಬಡಿಕೆ ಎಂದು ಹೆಸರಾಯಿತು.

ಪರೀಕ್ಷೆ ನೋಡಲು ಸುಲಭ. ತಟ್ಟೆಯೊಂದರಲ್ಲಿ ಸಾಲಾಗಿ ಪುಟ್ಟ ಗುಳಿಗಳು. ಪ್ರತಿ ಗುಳಿಯಲ್ಲೂ ತಳಕ್ಕೆ ತೂತುತೂತಿನ ತೆಳುಪೊರೆ ಇರುವ ಒಂದು ಪ್ಲಾಸ್ಟಿಕ್ ಲೋಟ. ಪೊರೆಯ ಮೇಲೆ ಲೋಳೆಯಂಥ ಪದರ, ಅದು ಗೋಡೆ. ಕೆಳಗೆ ಒಳ್ಳೆಯ ಊಟ, ಅದು ಆಸೆ. ಲೋಟದೊಳಗೆ ಕೋಶಗಳನ್ನು ಸುರಿದು ಒಂದು ರಾತ್ರಿ ಬಿಟ್ಟರೆ, ಹೊರಡುವ ಬುದ್ಧಿಯವು ಗೋಡೆ ಕರಗಿಸಿ, ತೂತಿನಲ್ಲಿ ನುಸುಳಿ, ಪೊರೆಯ ಅಡಿಗೆ ಹೋಗಿ ಅಂಟಿಕೊಳ್ಳುತ್ತವೆ. ಬೆಳಗ್ಗೆ ಹತ್ತಿಕಡ್ಡಿಯಿಂದ ಪೊರೆಯ ಮೇಲ್ಬದಿಯನ್ನು ಒರೆಸಿ, ಮನೆಯಲ್ಲೇ ಉಳಿದವರನ್ನು ತೆಗೆದುಬಿಡಬೇಕು. ಅಡಿಯಲ್ಲಿ ಉಳಿದವರಿಗೆ ನೇರಳೆ ಬಣ್ಣ. ಎಣಿಸುವುದು ಯಂತ್ರ. ಯಂತ್ರಕ್ಕೆ ಚಿಕ್ಕಮ್ಮನೂ ಒಂದೇ, ದೊಡ್ಡಮ್ಮನೂ ಒಂದೇ. ಅದಕ್ಕಾಗಿಯೇ ಈ ಪರೀಕ್ಷೆಯಲ್ಲಿ ಪಕ್ಷಪಾತಕ್ಕೆ ಜಾಗವೇ ಇಲ್ಲವೆಂದು ಮೇಷ್ಟ್ರು ಹೋದಹೋದಲ್ಲಿ ಹೇಳುತ್ತಿದ್ದರು.

ಒರೆಸುವ ವಿದ್ಯೆಯನ್ನು ಅಕ್ಕನಿಗೆ ಕಲಿಸಿದವರೂ ಅವರೇ. "ಮಗು ಕಿವಿ ಒರೆಸ್ತಿದ್ದೀನಿ ಅಂದ್ಕೊಳ್ಳಿ. ಕೊಳೆ ಬರಬೇಕಾ? ಬರಬೇಕು. ಮಗು ಅಳಬೇಕಾ? ಬೇಡ." ಗಿಳಿಗೆ ಆ ಕೆಲಸ ಕೊಡುತ್ತಿರಲಿಲ್ಲ. ಅವಳು ಒರೆಸಿದರೆ ಪೊರೆ ಹರಿಯುತ್ತಿತ್ತು. "ನಿನ್ನ ಮಗುವಿಗೆ ಕಿವಿನೇ ಉಳಿಯಲ್ಲ ಕಣೇ" ಎಂದು ಅಕ್ಕ ಅವಳ ಕೈಯಿಂದ ಕಡ್ಡಿ ಕಿತ್ತುಕೊಂಡಿದ್ದಳು. ಹಾಗಾಗಿ ಯಾವಾಗಲೂ ಒರೆಸುತ್ತಿದ್ದವಳು ಅಕ್ಕ.

ಫಲ ಅಚ್ಚುಕಟ್ಟಾಗಿತ್ತು. ಬಡಬಡಿಕೆಯ ಗುಳಿಗಳಲ್ಲಿ ಏಳು ಕೋಶ ಗೋಡೆ ಹಾರಿದರೆ ಚಿಕ್ಕಮ್ಮ ಇರುವಲ್ಲಿ ಒಂದು. ಮತ್ತೆ ಮತ್ತೆ ಮಾಡಿದರೂ ಏಳಕ್ಕೆ ಒಂದು. ಅಮ್ಮನಿಗೂ ಹೇಳಿಯಾಗಿತ್ತು. ಪ್ರಬಂಧ ಬರೆದಾಗಿತ್ತು, ಮೊದಲ ಹೆಸರು ಅಕ್ಕನದು. ಇಷ್ಟು ವರ್ಷ ಬೇರೆಯವರ ಪ್ರಬಂಧಗಳಲ್ಲಿ ನಡುವೆಲ್ಲೋ ನಿಂತು ಗ್ರೂಪ್ ಫೋಟೋದಲ್ಲಿ ಕತ್ತು ಚಾಚಿದವಳಂತೆ ಇದ್ದ ಹೆಸರು ಅದು. ಇದು ಅಚ್ಚಾದರೆ ಅವಳದೇ ಒಂದು ಪ್ರಯೋಗಾಲಯಕ್ಕೆ ಕೇಳುವ ಅರ್ಹತೆ ಬರುತ್ತಿತ್ತು.

"ಕೊನೇ ಸಲ ಇನ್ನೊಂದು ಮಾಡಿಬಿಡಿ. ಸೋಮವಾರ ಕಳಿಸೋಣವಾ? ಕಳಿಸೋಣ" ಎಂದರು ಮೇಷ್ಟ್ರು.

ಕೋಶಗಳಿಗೆ ಚಿಕ್ಕಮ್ಮನನ್ನು ಉಣಿಸಬೇಕಾದ ದಿನವೇ ಅಮ್ಮನ ಆಸ್ಪತ್ರೆಯ ಸರದಿ ಬಂತು. ಅಕ್ಕ ಗಿಳಿಯನ್ನು ಕರೆದಳು.

"ಕೆಂಪು ಗುರುತಿನ ತಟ್ಟೆಗೆ ಚಿಕ್ಕಮ್ಮ, ಕಪ್ಪಿಗೆ ಬಡಬಡಿಕೆ. ಲೋಟಕ್ಕೆ ಸುರಿದು ಕಪಾಟಲ್ಲಿಡೋದೂ ನಿಂದೇ. ಬೆಳಗ್ಗೆ ನಾನು ಬಂದು ಒರೆಸ್ತೀನಿ. ತಮಾಷೆ ಗಿಮಾಷೆ ಬೇಡ."

"ನಾನಾ? ತಮಾಷೆನಾ?" ಎಂದಳು ಗಿಳಿ.

ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಮಾಡಿದಳು. ಕೆಂಪಿಗೆ ಚಿಕ್ಕಮ್ಮ, ಕಪ್ಪಿಗೆ ಬಡಬಡಿಕೆ. ಆಮೇಲೆ ಆ ಎರಡು ತಟ್ಟೆಗಳನ್ನೂ ಕಪಾಟಿನ ತಳದ ಅಂಕಣದಲ್ಲಿ ಹಿಂದಕ್ಕೆ ಸರಿಸಿಟ್ಟು, ಇನ್ನೆರಡು ತಟ್ಟೆ ತಯಾರಿಸಿದಳು. ಬಡಬಡಿಕೆ ಉಣಿಸಿದ ಕೋಶಗಳನ್ನು ಒಂದೇ ಸೀಸೆಯಿಂದ ಎರಡಕ್ಕೂ ಸುರಿದು, ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು ಗುರುತು ಹಾಕಿ ಮೇಲಿನ ಅಂಕಣದಲ್ಲಿ ಇಟ್ಟಳು. ಲೆಕ್ಕಾಚಾರ ಸರಳ. ಎರಡೂ ತಟ್ಟೆ ಒಂದೇ ಸಮ ನೇರಳೆಯಾಗುತ್ತವೆ. ಅಕ್ಕ ಕಣ್ಣುಬಾಯಿ ಬಿಡುತ್ತಾಳೆ. ಅಷ್ಟರಲ್ಲಿ ಫೋನು. ಮೇಷ್ಟ್ರ ದನಿ: "ಚಿಕ್ಕಮ್ಮ ಮನೇಲಿದ್ದಾರಾ? ಇಲ್ಲ. ಮಗಳ ಮನೆಗೆ ಹೋದ್ರಾ? ಹೋದ್ರು." ನಕ್ಕು ಮುಗಿದ ಮೇಲೆ ಅಸಲಿ ತಟ್ಟೆ ತೆಗೆದುಕೊಟ್ಟರಾಯಿತು.

ಮರುದಿನ ಅಕ್ಕ ಒರೆಸಿದಳು, ಬಣ್ಣ ಹಾಕಿದಳು, ಯಂತ್ರಕ್ಕೆ ಕೊಟ್ಟಳು. ಗಿಳಿ ಫೋನು ಹಿಡಿದು ಹೊರಗೆ ಮೆಟ್ಟಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಒಳಗಿನಿಂದ ಕೂಗು ಬಂತು.

"ಏ ಗಿಳಿ, ಬಾರೇ ಇಲ್ಲಿ! ಏಳಕ್ಕೆ ಒಂದು! ನಿನ್ನ ಕೈನೂ ಪರವಾಗಿಲ್ಲ ಕಣೇ."

ಗಿಳಿ ಒಳಗೆ ಬಂದು ಪರದೆ ನೋಡಿದಳು. ಕಪ್ಪು ತಟ್ಟೆಯಲ್ಲಿ ನೇರಳೆ ಜಾತ್ರೆ. ಕೆಂಪು ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ.

"ಏನೇ, ದೆವ್ವ ನೋಡಿದೋಳ ಹಾಗೆ ನಿಂತೆ?"

"ಅಕ್ಕಾ, ಕೂತ್ಕೋ."

"ಯಾಕೆ?"

"ಕೂತ್ಕೋ ಅಂದೆ." ಈ ಸಲ ಗಿಳಿಯ ದನಿ ಯಾರದೂ ಆಗಿರಲಿಲ್ಲ, ಅವಳದೇ ಆಗಿತ್ತು. ಅಕ್ಕ ಆ ದನಿ ಕೇಳಿದ್ದೇ ಅಪರೂಪ, ಕೂತಳು. "ಇದ್ರಲ್ಲಿ ಚಿಕ್ಕಮ್ಮ ಇಲ್ಲ. ಎರಡು ತಟ್ಟೇಲೂ ಬಡಬಡಿಕೆ. ನಿನ್ನ ಆಡಿಸೋಣ ಅಂತ ಮಾಡಿದ್ದು."

"ಅದಲುಬದಲು ಆಗಿರುತ್ತೆ ಬಿಡು."

"ಆಗೋಕೆ ಸಾಧ್ಯ ಇಲ್ಲ. ಎರಡಕ್ಕೂ ಸುರಿದಿದ್ದು ಒಂದೇ ಸೀಸೆಯಿಂದ. ಅದ್ರಲ್ಲಿ ಏನೇ ಇರ್ಲಿ, ಎರಡು ತಟ್ಟೇಲೂ ಅದೇ ಇರಬೇಕು."

ಅಕ್ಕ ಬೈಯುತ್ತಾಳೆಂದು ಗಿಳಿ ಕಾದಳು. ಅಕ್ಕ ಪರದೆಯನ್ನೇ ನೋಡುತ್ತಿದ್ದಳು. ಎಣಿಸಿದ್ದು ಯಂತ್ರ. ಸುರಿದದ್ದು ಗಿಳಿ. ನಡುವೆ ಮುಟ್ಟಿದ್ದು ಒಬ್ಬಳೇ.

ಅವಳು ಎದ್ದು ಕಸದ ಬುಟ್ಟಿಯ ಹತ್ತಿರ ಹೋದಳು. ಒರೆಸಿದ ಕಡ್ಡಿಗಳನ್ನು ತಟ್ಟೆಗೊಂದರಂತೆ ಎರಡು ಬೀಕರುಗಳಲ್ಲಿ ಹಾಕುವುದು ಅವಳ ರೂಢಿ. ಎರಡನ್ನೂ ತಂದು ಬಿಳಿ ಕಾಗದದ ಮೇಲೆ ಸಾಲಾಗಿ ಜೋಡಿಸಿದಳು. ಕಪ್ಪು ತಟ್ಟೆಯ ಕಡ್ಡಿಗಳ ತಲೆ ದುಂಡಗೆ, ಈಗಷ್ಟೇ ಡಬ್ಬದಿಂದ ತೆಗೆದಂತಿದ್ದವು. ಕೆಂಪು ತಟ್ಟೆಯವು ಚಪ್ಪಟೆಯಾಗಿ, ಹತ್ತಿ ಕೆದರಿ, ಜಗಳ ಮುಗಿಸಿ ಬಂದವರ ಹಾಗಿದ್ದವು.

"ಅಯ್ಯೋ" ಎಂದಳು ಗಿಳಿ.

"ಚಿಕ್ಕಮ್ಮನ ಗುಳಿ ಅಂತ ಗೊತ್ತಿದ್ರೆ ಒಂದೂ ಉಳೀಬಾರ್ದು ಅಂತ ಒತ್ತಿ ಒರೆಸ್ತೀನಿ" ಎಂದಳು ಅಕ್ಕ ನಿಧಾನವಾಗಿ. "ಬಡಬಡಿಕೆ ಆದ್ರೆ, ಹಾರಿದೋರು ಎಲ್ಲಿ ಕಿತ್ತುಬರ್ತಾರೋ ಅಂತ ಮುಟ್ಟಿದ ಹಾಗೆ ಮಾಡಿ ಬಿಡ್ತೀನಿ. ಮನೇಲಿ ಉಳಿದೋರೆಲ್ಲ ಅಲ್ಲೇ ಇರ್ತಾರೆ. ಅವ್ರಿಗೂ ಬಣ್ಣ ಹತ್ತುತ್ತೆ, ಯಂತ್ರ ಅವ್ರನ್ನೂ ಸೇರಿಸಿ ಎಣಿಸುತ್ತೆ."

"ಬೇಕಂತ ಮಾಡಿಲ್ವಲ್ಲ."

"ಬೇಕಂತ ಮಾಡಿದ್ರೆ ಇಷ್ಟು ನೀಟಾಗಿ ಬರ್ತಿರ್ಲಿಲ್ಲ."

ಕೈ ಕೊಟ್ಟದ್ದು ಯಂತ್ರವಲ್ಲ, ಕೈಯೇ.

ತಳದ ಅಂಕಣದಿಂದ ಅಸಲಿ ತಟ್ಟೆಗಳು ಹೊರಬಂದವು. ಅಕ್ಕ ಕಾರಿಡಾರಿಗೆ ಹೋಗಿ ನಿಂತಳು. ಗಿಳಿ ಗುರುತುಗಳ ಮೇಲೆ ಕಾಗದ ಅಂಟಿಸಿ, ಲೋಟಗಳನ್ನು ಹಿಂದುಮುಂದು ಮಾಡಿ, ಯಾವುದು ಎಲ್ಲಿದೆ ಎಂಬುದನ್ನು ತನ್ನಲ್ಲೇ ಇಟ್ಟುಕೊಂಡು, "ಬಾ" ಎಂದಳು. ಅಕ್ಕ ಒಂದೊಂದೇ ಗುಳಿ ಒರೆಸಿದಳು. ಯಾರ ಮಗುವೆಂದು ತಿಳಿಯದ ಕಿವಿಗಳು. ಅವಳ ಹಣೆಯಲ್ಲಿ ಬೆವರಿತ್ತು. ಇಷ್ಟು ವರ್ಷ ಮಾಡಿದ ಕೆಲಸವನ್ನು ಮೊದಲ ಸಲ ಮಾಡುವವಳಂತೆ ಕಾಣುತ್ತಿದ್ದಳು.

ಯಂತ್ರ ಎಣಿಸಿತು. ಗಿಳಿ ಕಾಗದ ಕಿತ್ತಳು. ಚಿಕ್ಕಮ್ಮ ಇದ್ದಲ್ಲಿ ಹಾರಿದವರು ಕಡಿಮೆಯೇ. ಆದರೆ ಏಳಕ್ಕೆ ಒಂದಲ್ಲ. ಎರಡಕ್ಕೆ ಒಂದು, ಅದೂ ತುಸು ಎಳೆದಾಡಿದರೆ.

"ಇದೆ" ಎಂದಳು ಗಿಳಿ. "ಚಿಕ್ಕಮ್ಮ ಇದ್ದಾಳೆ ಅಕ್ಕ."

"ಇದ್ದಾಳೆ. ನಾನು ಅವಳನ್ನ ಏಳಾಳೆತ್ತರ ಮಾಡಿ ನಿಲ್ಲಿಸಿದ್ದೆ."

ಅಕ್ಕ ಮೇಷ್ಟ್ರ ಕೋಣೆಗೆ ಹೋದಳು. ಅವರು ಪ್ರಬಂಧದ ಕೊನೆಯ ಪುಟ ತಿದ್ದುತ್ತಿದ್ದರು.

"ಸರ್, ಒರೆಸೋ ವಿಷಯದಲ್ಲಿ ಒಂದು..."

"ಒರೆಸೋದ್ರಲ್ಲಿ ತೊಂದರೆ ಇದೆಯಾ? ಇಲ್ಲ. ಅದು ನಾನು ಕಲಿಸಿದ ಕೈ. ಕೊನೇ ಸಲದ್ದು ಬಂತಾ? ಬಂತು. ಏಳಾ? ಏಳು. ಸೋಮವಾರ ಕಳಿಸ್ತಾ ಇದ್ದೀವಿ."

"ಸರ್, ಏಳು ಅಲ್ಲ..."

"ಆರೂವರೇನಾ? ಪರವಾಗಿಲ್ಲ." ಅಷ್ಟರಲ್ಲಿ ಅವರಿಗೆ ಫೋನು ಬಂತು, ಕೈಸನ್ನೆಯಲ್ಲಿ ಅವಳನ್ನು ಕಳಿಸಿಬಿಟ್ಟರು.

ಮನೆಯಲ್ಲಿ ಅಮ್ಮ ಆಸ್ಪತ್ರೆಯ ಹೊಸ ಮಾತ್ರೆಗಳನ್ನು ಡಬ್ಬಿಯ ಖಾನೆಗಳಿಗೆ ತುಂಬುತ್ತಿದ್ದಳು. ಮಗಳ ಮುಖ ನೋಡಿ, "ಯಾರು ಹೋದ್ರು?" ಎಂದಳು.

"ಯಾರೂ ಹೋಗಿಲ್ಲ. ಏಳು ಅಂದಿದ್ನಲ್ಲಮ್ಮ, ಎರಡಾಯ್ತು." ಅಕ್ಕ ಎಲ್ಲವನ್ನೂ ಹೇಳಿದಳು, ಕಡ್ಡಿಗಳ ಕತೆಯನ್ನೂ.

ಅಮ್ಮ ಡಬ್ಬಿಯ ಮುಚ್ಚಳ ಹಾಕಿದಳು. "ಚಿಕ್ಕಮ್ಮ ಹೊಸಿಲಲ್ಲಿ ಕೂತಿದ್ದಾಗ್ಲೂ ಅರ್ಧ ಜನ ಹಿತ್ತಿಲ ಕಡೆಯಿಂದ ಹೋಗೇ ಹೋಗ್ತಿದ್ವಿ. ಒಬ್ಬಳೇ ಎಷ್ಟು ಕಡೆ ಕಾಯ್ತಾಳೆ?" ಡಬ್ಬಿಯನ್ನು ಪಕ್ಕಕ್ಕಿಟ್ಟು ಕೇಳಿದಳು: "ನನ್ನೊಳಗೆ ಇದ್ದಾಳಾ ಅವಳು?"

"ಗೊತ್ತಿಲ್ಲಮ್ಮ. ನೋಡಿಲ್ಲ."

"ನೋಡಿದಾಗ ಸರಿಯಾಗಿ ನೋಡಿ ಹೇಳು. ಏಳು ಅಂತ ಹೇಳಿ ಖುಷಿಪಡಿಸ್ಬೇಡ."

ಅಕ್ಕ ಎದ್ದು ಗಿಳಿಗೆ ಫೋನು ಮಾಡಿದಳು. "ನಾಳೆ ಬರ್ತೀಯಾ?"

"ರಜೆ ದಿನಾನಾ? ಯಾಕೆ?"

"ಎರಡು ತಟ್ಟೆ ಮಾಡೋಣ. ಒಂದೇ ಸೀಸೆಯಿಂದ."

ಆ ಕಡೆಯಿಂದ ಮೇಷ್ಟ್ರ ದನಿಯಲ್ಲಿ ಉತ್ತರ ಬಂತು. "ಈ ಸಲದ ಆಟ ನನಗಾ? ನನಗೆ."

ಸೋಮವಾರ ಬೆಳಗ್ಗೆ ಅಕ್ಕನ ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. "ಉಳುಕಿಬಿಟ್ಟಿದೆ ಸರ್. ಗಿಳಿ ಕೈಗೆ ಕೊಟ್ರೆ ಪೊರೆ ಹರೀತಾಳೆ. ಪ್ರಬಂಧಕ್ಕೆ ಕೊನೇ ಜೋಡಿ ಇದು, ನೀವೇ ಒರೆಸಿಕೊಟ್ರೆ..."

ಮೇಷ್ಟ್ರ ಮುಖ ಅರಳಿತು. ಎಷ್ಟೋ ವರ್ಷದಿಂದ ಅವರ ಕೈಗೆ ಬರುತ್ತಿದ್ದದ್ದು ಸಹಿ ಹಾಕುವ ಪೆನ್ನು ಮಾತ್ರ. ತೋಳು ಮಡಚಿ, ಕನ್ನಡಕ ಏರಿಸಿ, ಕಡ್ಡಿ ಹಿಡಿದು ಕೂತರು. "ಕೆಂಪು ಚಿಕ್ಕಮ್ಮನಾ? ಹೌದು. ನೋಡ್ಕೊಳ್ಳಿ ಇಬ್ರೂ. ಮಗು ಕಿವಿ." ಕೆಂಪು ತಟ್ಟೆಯ ಮಕ್ಕಳ ಕಿವಿಯನ್ನು ಅವರು ಮದುವೆಮನೆಗೆ ಹೊರಡಿಸುವವರಂತೆ ತಿಕ್ಕಿದರು. ಕಪ್ಪು ತಟ್ಟೆಯ ಮಕ್ಕಳಿಗೆ ಬೀಸಣಿಗೆ ಬೀಸಿದಂತೆ ಮಾಡಿ ಬಿಟ್ಟರು. ಗಿಳಿ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಿದ್ದಳು.

ಬಣ್ಣವಾಯಿತು. ಯಂತ್ರ ಎಣಿಸಿತು. ಒಂಬತ್ತಕ್ಕೆ ಒಂದು.

"ಒಂಬತ್ತು!" ಎಂದರು ಮೇಷ್ಟ್ರು. "ನಿಮ್ಮದು ಏಳು. ಅನುಭವ ಅಂದ್ರೆ ಇದೇನಾ? ಇದೇ."

ಅಕ್ಕ ಮಣಿಕಟ್ಟಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಅವರು ಒರೆಸಿದ ಕಡ್ಡಿಗಳನ್ನು ಬಿಳಿ ಕಾಗದದ ಮೇಲೆ ಎರಡು ಸಾಲು ಜೋಡಿಸಿದಳು, ಒಂದು ದುಂಡಗಿನ ತಲೆಗಳದು, ಒಂದು ಚಪ್ಪಟೆ ತಲೆಗಳದು. ಆಮೇಲೆ ಒಂದೇ ಸೀಸೆಯನ್ನು ತಂದು ಎರಡು ಸಾಲಿನ ನಡುವೆ ಇಟ್ಟಳು.

"ಎರಡು ತಟ್ಟೆಗೂ ಇದ್ರಿಂದಲೇ ಸುರಿದಿದ್ದು ಸರ್. ಎರಡರಲ್ಲೂ ಬಡಬಡಿಕೆ. ನನ್ನ ಏಳೂ ಹೀಗೇ ಬಂದಿದ್ದು. ಯಾವುದು ಯಾವುದು ಅಂತ ತಿಳೀದ ಹಾಗೆ ಮಾಡಿ ಒರೆಸಿದ್ರೆ ಎರಡಕ್ಕೆ ಒಂದು ಬರುತ್ತೆ. ಅಷ್ಟೇ ನಿಜ."

ಮೇಷ್ಟ್ರು ಕಾಗದದ ಮೇಲೆ ಬಗ್ಗಿದರು. ಒಂದು ಚಪ್ಪಟೆ ಕಡ್ಡಿ ಎತ್ತಿ ನೋಡಿದರು. ಒಂದು ದುಂಡು ಕಡ್ಡಿ ಎತ್ತಿ ನೋಡಿದರು. ಪರದೆಯ ಒಂಬತ್ತನ್ನು ನೋಡಿದರು. ಅವರ ಕಿವಿ ಕೆಂಪಾಗಿತ್ತು, ಯಾರೂ ಒರೆಸದೆಯೇ.

"ಇವತ್ತು ಕಳಿಸೋದು ಬೇಡ" ಎಂದರು ಕೊನೆಗೆ. "ಏಳು ತೆಗೀರಿ. ಎಲ್ಲಾನೂ ಗುರುತು ಮುಚ್ಚಿ ಮತ್ತೆ ಒರೆಸಿ, ಎಷ್ಟು ಬರುತ್ತೋ ಅಷ್ಟು ಬರೀರಿ. ಈ ಕಡ್ಡಿಗಳ ಚಿತ್ರಾನೂ ಹಾಕಿ. ಮೊದಲ ಹೆಸರು ನಿಮ್ಮದೇ." ಆಮೇಲೆ ಯಾರಿಗೂ ಅಲ್ಲದಂತೆ ಕೇಳಿದರು: "ಇಷ್ಟು ವರ್ಷ ನಾನು ಇದನ್ನೇ ಮಾಡ್ಕೊಂಡು ಬಂದಿದ್ದೀನಾ?"

ಪ್ರಶ್ನೆ ಬಂದಿತು, ಉತ್ತರ ಬರಲಿಲ್ಲ. ಆ ಕೋಣೆಯಲ್ಲಿ ಹಾಗಾದದ್ದು ಅದೇ ಮೊದಲು. ಅಕ್ಕನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಗಿಳಿಗೆ ತಡೆಯಲಾಗಲಿಲ್ಲ. ಅವಳಿಗೇ ಗೊತ್ತಾಗುವ ಮೊದಲೇ ಬಾಯಿಂದ, ಮೇಷ್ಟ್ರದೇ ದಪ್ಪ ದನಿಯಲ್ಲಿ, ಹೊರಬಿದ್ದಿತ್ತು:

"ಬಂದಿದ್ದೀನಿ."

ಗಿಳಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಅವಳತ್ತ ತಿರುಗಿದರು. ತಮ್ಮ ದನಿಯನ್ನು ಅವರು ಹೊರಗಿನಿಂದ ಕೇಳಿದ್ದು ಅದೇ ಮೊದಲಿರಬೇಕು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ. ಕನ್ನಡಕ ಮೂಗಿನಿಂದ ಜಾರಿ ಕಡ್ಡಿಗಳ ಸಾಲಿನ ಮೇಲೆ ಬಿತ್ತು. ಅಕ್ಕ ನಕ್ಕಳು, ಗಿಳಿ ಬೆರಳುಗಳ ಸಂದಿನಿಂದಲೇ ನಕ್ಕಳು. ಆದರೆ ಲಿಫ್ಟಿನ ಹತ್ತಿರ ನಿಂತಿದ್ದವರು ತಲೆಯೆತ್ತಿ ನೋಡುವಂತೆ, ಮಂಜುಗಡ್ಡೆ ಯಂತ್ರದ ನರಳಾಟವೂ ಮುಳುಗಿಹೋಗುವಂತೆ, ಕೈಯಲ್ಲಿ ಚಪ್ಪಟೆ ಕಡ್ಡಿ ಹಿಡಿದುಕೊಂಡೇ ನಗುತ್ತಿದ್ದವರು ಮೇಷ್ಟ್ರು.